ಜೇನಹನಿಯ ಸುತ್ತ ಒಂದು ಕೂಟ

ಬೆಳಗಾವಿಯಿಂದ ಚೋರ್ಲಾ ಘಾಟಿನ ಕಡೆ ಹೊರಟವರು ಜಾಂಬೋಟಿಯಲ್ಲಿ ಗಾಡಿ ನಿಲ್ಲಿಸಿ ಜೇನುತುಪ್ಪ ಕೊಳ್ಳುವುದುಂಟು. ಆ ಶೀಶೆಯನ್ನು ಒಮ್ಮೆ ಓರೆ ಮಾಡಿ ನೋಡಿ. ಚೆನ್ನಾಗಿ ಮಾಗಿದ ಜೇನು ದಾರದ ಎಳೆಯಂತೆ ಕಡಿಯದೆ ಇಳಿಯುತ್ತದೆ. ಅದರಲ್ಲಿ ನೀರು ಐದನೇ ಒಂದು ಪಾಲಿಗಿಂತ ಕಡಿಮೆ, ಉಳಿದದ್ದು ಬಹುಮಟ್ಟಿಗೆ ಸಕ್ಕರೆ. ಅದರೊಳಗೆ ಬಿದ್ದ ಬ್ಯಾಕ್ಟೀರಿಯಾ ತನ್ನ ಮೈಯ ನೀರನ್ನೇ ಕಳಕೊಂಡು ಒಣಗುತ್ತದೆ. ಇದಕ್ಕಿಂತ ಸೊಗಸಾದ ಕೆಲಸ ಇನ್ನೊಂದಿದೆ. ಜೇನ್ನೊಣ ಬೆರೆಸಿದ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ ಶೀಶೆಯಲ್ಲಿ ಸುಮ್ಮನಿರುತ್ತದೆ. ಗಾಯದ ರಸ ತಾಗಿ ಜೇನು ತೆಳುವಾದಾಗ ಎಚ್ಚೆತ್ತು ಹೈಡ್ರೋಜನ್ ಪೆರಾಕ್ಸೈಡನ್ನು ಸ್ವಲ್ಪಸ್ವಲ್ಪವೇ ಬಿಡುತ್ತದೆ.

ಮೈಗೆ ತಾಗಿಯೋ ಮೈಯೊಳಗೆ ಕೂತೋ ಚಿಕಿತ್ಸೆಗೆ ಒದಗುವ ಇಂಥ ವಸ್ತುಗಳೇ ಬಯೋಮೆಟೀರಿಯಲ್‌ಗಳು: ಕರಗುವ ಹೊಲಿಗೆ ದಾರ, ಸೊಂಟದ ಕೃತಕ ಕೀಲು, ಹೃದಯದ ಕವಾಟ. ಗಾಯದ ಪಟ್ಟಿಗೆ ಸೇರಿದ ಜೇನೂ ಆ ಸಾಲಿನದೇ. ಗಡಿಯಾಚೆಯ ಸೊಲ್ಲಾಪುರದಲ್ಲಿ ಸರ್ಜನ್ ಎಂ. ಸುಬ್ರಹ್ಮಣ್ಯಂ ಸುಟ್ಟಗಾಯದ 104 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಜೇನು, ಉಳಿದವರಿಗೆ ರೂಢಿಯ ಬೆಳ್ಳಿಯಂಶದ ಔಷಧ ಬಳಸಿ 1991ರಲ್ಲಿ ಫಲಿತಾಂಶ ಪ್ರಕಟಿಸಿದರು. ಜೇನು ಹಚ್ಚಿದ ಗಾಯಗಳು ಬೇಗ ಮಾಗಿದ್ದವು.

ಹಾಗೆಂದು ಅಡುಗೆಮನೆಯ ಜೇನನ್ನು ಗಾಯಕ್ಕೆ ಸುರಿಯಬೇಡಿ. ಅದರಲ್ಲಿ ಬಾಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ಅಡಗಿರಬಹುದು. ಕುದಿಸೋಣವೆಂದರೆ ಕಿಣ್ವ ಹಾಳು. ಹೀಗಾಗಿ ಚಿಕಿತ್ಸೆಯ ಜೇನಿಗೆ ಗಾಮಾ ಕಿರಣ ಹಾಯಿಸುತ್ತಾರೆ.

ಇದಿಷ್ಟನ್ನೂ ಒಬ್ಬರೇ ಬಲ್ಲವರಿಲ್ಲ. ಜೇನು ಸಾಕುವವರು, ಸೂಕ್ಷ್ಮಜೀವಿ ಬಲ್ಲವರು, ಪಟ್ಟಿಯ ಪಾಲಿಮರ್ ಮಾಡುವವರು, ಗಾಯ ನೋಡುವ ವೈದ್ಯರು ಒಂದೆಡೆ ಕೂರಬೇಕು. ವಿದ್ಯಾರ್ಥಿ ಕೂಟಗಳು ಬೇಕಾಗುವುದು ಇದಕ್ಕೇ. ಅಮೆರಿಕದಲ್ಲಿ 1974ರಲ್ಲಿ ಶುರುವಾದ ಸೊಸೈಟಿ ಫಾರ್ ಬಯೋಮೆಟೀರಿಯಲ್ಸ್‌ಗೆ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿ ಶಾಖೆಗಳಿವೆ. ಅಧ್ಯಕ್ಷರು, ಖಜಾಂಚಿ ಎಲ್ಲ ವಿದ್ಯಾರ್ಥಿಗಳೇ, ಅಧ್ಯಾಪಕರೊಬ್ಬರು ಬೆನ್ನಿಗಿರುತ್ತಾರೆ. ಬೆಳಗಾವಿಗೆ ಇದು ಹೇಳಿ ಮಾಡಿಸಿದಂತಿದೆ: ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು, ಐಸಿಎಂಆರ್‌ನ ಪಾರಂಪರಿಕ ವೈದ್ಯಪದ್ಧತಿಯ ಸಂಸ್ಥೆ ಒಂದೇ ಊರಿನಲ್ಲಿವೆ.

ಇಂಥ ಕೂಟದ ಮುಂದಾಳು ಎಂಥವರಿರಬೇಕು? ನನಗೆ ನೆನಪಾಗುವವರು ಎಂ.ಎಸ್. ವಲಿಯತ್ತಾನ್. ಹೃದಯದ ಸರ್ಜನ್ ಆಗಿದ್ದ ಅವರು ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಎಂಜಿನಿಯರುಗಳ ಜತೆ ಕೂತು ನಮ್ಮದೇ ಕವಾಟ ಮಾಡಲು ಹೊರಟರು. ಮೂರು ಮಾದರಿಗಳು ಸೋತವು. ಪ್ರತಿ ಸೋಲಿನ ಬಳಿಕವೂ ಎಲ್ಲಿ ಸವೆಯಿತು, ಎಲ್ಲಿ ಮುರಿಯಿತು ಎಂದು ಹುಡುಕಿ ವಸ್ತುವನ್ನೇ ಬದಲಿಸಿದರು. ಕೊನೆಗೆ ಲೋಹದ ಚೌಕಟ್ಟಿನಲ್ಲಿ ವಾಲುವ ಪಾಲಿಎಥಿಲೀನ್ ಬಿಲ್ಲೆಯ ಕವಾಟ 1990ರ ಡಿಸೆಂಬರ್ 6ರಂದು ರೋಗಿಯ ಎದೆ ಸೇರಿತು. ಈಗ ಹಾಗೆ ಕೂರಿಸಿದ ಕವಾಟಗಳ ಸಂಖ್ಯೆ ಲಕ್ಷ ದಾಟಿದೆ. ವಲಿಯತ್ತಾನ್ ಮುಂದೆ ಮಣಿಪಾಲದ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. ಮುರಿದ ಕವಾಟವನ್ನು ಬಚ್ಚಿಡದೆ ಎಲ್ಲರ ಮುಂದಿಡುವ ಅವರ ಬಗೆ ಎಳೆಯರ ಕೂಟಕ್ಕೆ ಬರಲೇಬೇಕು.

ಬೆಳಗಾವಿಯ ಹುಡುಗ ಹುಡುಗಿಯರು ಶುರು ಮಾಡಲು ದೊಡ್ಡ ಯಂತ್ರವೇನೂ ಬೇಡ. ಕೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರ್ ಸಾಕು. ಗಾಜಿನ ಮೇಲೆ ಒಂದು ಹನಿ ಇಟ್ಟು ಬೆಳಕಿಗೆ ಹಿಡಿದರೆ ನೀರಿನ ಪ್ರಮಾಣ ಗೆರೆಯಾಗಿ ಕಾಣುತ್ತದೆ. ಮಳೆಸೀಮೆಯ ಜೇನಿನಲ್ಲಿ ಅದು ಹೆಚ್ಚಿದ್ದೀತು, ಹೆಚ್ಚಾದರೆ ಹುಳಿಯುತ್ತದೆ. ಆದರೆ ಹನಿ ಇಡುವ ಮುಂಚೆ ಒಬ್ಬರು ಜೇನು ಸಾಕುವವರ ಅಂಗಳಕ್ಕೆ ಹೋಗಿ ಕೇಳಬೇಕು: ‘ಕಾಕಾ, ಈ ಪೆಟ್ಟಿಗಿ ಯಾವ ತಿಂಗಳಾಗ ತಗದ್ರಿ? ಆಗ ಯಾವ ಹೂವು ಇತ್ರಿ?’ ಆ ಉತ್ತರವೇ ಕೂಟದ ವಹಿಯ ಮೊದಲ ಸಾಲು.