ಲಿನಕ್ಸ್ ಆಧಾರಿತ ಉಪಕರಣಗಳು: ಸಂರಚನಾ ಕಡತದ ಪರಿಶೀಲನೆ

ಅಂಗಡಿಯ ಬಿಲ್ಲಿಂಗ್ ಯಂತ್ರ, ಕ್ಯಾಮೆರಾ ದೃಶ್ಯಗಳನ್ನು ಸಂಗ್ರಹಿಸುವ ಪೆಟ್ಟಿಗೆ, ಅಂತರಜಾಲ ಸಂಪರ್ಕದ ರೂಟರ್ ಮೊದಲಾದ ಅನೇಕ ಉಪಕರಣಗಳು ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಮೇಲೆ ನಡೆಯುತ್ತವೆ. ಇಂತಹ ಉಪಕರಣಗಳನ್ನು ಜೋಡಿಸಿ ಮಾರುವ ಸಣ್ಣ ತಯಾರಕರು ಸಾಮಾನ್ಯವಾಗಿ ಎಲೆಕ್ಟ್ರಾನಿಕ್ ಬೋರ್ಡನ್ನು ತಂತ್ರಾಂಶಸಹಿತವಾಗಿ ಹೊರಗಿನಿಂದ ಖರೀದಿಸಿ, ಕವಚ, ಪ್ರಿಂಟರ್ ಹಾಗೂ ಕೇಬಲ್‌ಗಳನ್ನು ತಾವು ಅಳವಡಿಸುತ್ತಾರೆ. ಲಿನಕ್ಸ್‌ನ ತಿರುಳಾದ ಕರ್ನೆಲ್ ಯಾವ ಯಾವ ಬಿಡಿಭಾಗಗಳನ್ನು ಗುರುತಿಸಬಲ್ಲದು ಎಂಬುದು ಅದನ್ನು ಕಂಪೈಲ್ ಮಾಡುವಾಗಲೇ ತೀರ್ಮಾನವಾಗಿರುತ್ತದೆ. ಆ ತೀರ್ಮಾನಗಳೆಲ್ಲ ಸಂರಚನಾ ಕಡತವೆಂಬ ಒಂದೇ ಪಠ್ಯ ಕಡತದಲ್ಲಿ ದಾಖಲಾಗಿರುತ್ತವೆ.

ಇದರ ವ್ಯಾವಹಾರಿಕ ಮಹತ್ವವನ್ನು ಒಂದು ಕೇಬಲ್‌ನಿಂದ ತಿಳಿಯಬಹುದು. ತೂಕದ ಯಂತ್ರವನ್ನು ಬಿಲ್ಲಿಂಗ್ ಯಂತ್ರಕ್ಕೆ ಜೋಡಿಸಲು ಯುಎಸ್‌ಬಿ–ಸೀರಿಯಲ್ ಕೇಬಲ್ ಬಳಸುವುದು ವಾಡಿಕೆ. ಅದರ ತಲೆಯೊಳಗೆ ಪುಟ್ಟದೊಂದು ಚಿಪ್ ಇರುತ್ತದೆ. ಅದು ಸ್ಕಾಟ್ಲೆಂಡಿನ ಎಫ್‌ಟಿಡಿಐ ಸಂಸ್ಥೆಯದಾಗಿರಬಹುದು, ತೈವಾನಿನ ಪ್ರೊಲಿಫಿಕ್ ಸಂಸ್ಥೆಯ ಪಿಎಲ್2303 ಆಗಿರಬಹುದು, ಅಥವಾ ಚೀನಾದಲ್ಲಿ ತಯಾರಾಗುವ ಅಗ್ಗದ ಸಿಎಚ್340 ಆಗಿರಬಹುದು. ಹೊರನೋಟಕ್ಕೆ ಮೂರೂ ಒಂದೇ. ಆದರೆ ಕರ್ನೆಲ್‌ನಲ್ಲಿ ಪ್ರತಿಯೊಂದಕ್ಕೂ ಪ್ರತ್ಯೇಕ ಡ್ರೈವರ್ ಬೇಕು. ಮೊದಲ ಸರಕಿನಲ್ಲಿ ಪ್ರೊಲಿಫಿಕ್ ಚಿಪ್ ಇದ್ದು, ಎರಡನೆಯ ಸರಕಿನಲ್ಲಿ ಪೂರೈಕೆದಾರನು ಸದ್ದಿಲ್ಲದೆ ಸಿಎಚ್340ಕ್ಕೆ ಬದಲಾಯಿಸಿದರೆ, ಕಾರ್ಖಾನೆಯಲ್ಲಿ ಹಳೆಯ ಕೇಬಲ್‌ನಿಂದ ಪರೀಕ್ಷಿಸಿ ಕಳುಹಿಸಿದ ಯಂತ್ರಗಳು ಗಿರಾಕಿಯ ಮೇಜಿನ ಮೇಲೆ ಮೂಕವಾಗುತ್ತವೆ. ಅಂಗಡಿಯವರಿಗೆ ತಿಳಿಯುವುದು ‘ತೂಕ ಬರುತ್ತಿಲ್ಲ’ ಎಂಬುದಷ್ಟೇ. ವಾರಂಟಿಯ ಹೊರೆಯೂ ಸಾಗಣೆಯ ವೆಚ್ಚವೂ ತಯಾರಕನ ತಲೆಯ ಮೇಲೆ.

ಕಡತದ ರಚನೆ ಸರಳವಾದುದು. ಪ್ರತಿ ಸೌಲಭ್ಯಕ್ಕೂ ‘ಕಾನ್ಫಿಗ್’ ಎಂದು ಆರಂಭವಾಗುವ, ರೋಮನ್ ದೊಡ್ಡಕ್ಷರಗಳ ಒಂದು ಹೆಸರಿರುತ್ತದೆ. ಹೆಸರಿನ ಮುಂದೆ ಸಮಚಿಹ್ನೆ, ಅದರ ಮುಂದೆ ಬೆಲೆ. ಬೆಲೆ ‘ವೈ’ ಆಗಿದ್ದರೆ ಸೌಲಭ್ಯವು ಕರ್ನೆಲ್‌ನೊಳಗೇ ಸೇರಿದೆ ಎಂದರ್ಥ. ‘ಎಂ’ ಆಗಿದ್ದರೆ ಮಾಡ್ಯೂಲ್ ಎಂಬ ಪ್ರತ್ಯೇಕ ಕಡತವಾಗಿ ತಯಾರಾಗಿದೆ ಎಂದರ್ಥ. ಕೆಲವು ನಮೂದುಗಳಿಗೆ ಸಂಖ್ಯೆ ಅಥವಾ ಪದವೇ ಬೆಲೆ. ತೊಡಕಿರುವುದು ‘ಇಲ್ಲ’ ಎಂಬುದನ್ನು ಬರೆಯುವ ರೀತಿಯಲ್ಲಿ. ಬಿಟ್ಟುಬಿಟ್ಟ ಸೌಲಭ್ಯಕ್ಕೆ ‘ಎನ್’ ಎಂಬ ಬೆಲೆಯನ್ನು ಬರೆಯುವುದಿಲ್ಲ. ಬದಲಿಗೆ ಸಾಲಿನ ಮೊದಲಲ್ಲಿ ಹ್ಯಾಶ್ ಗುರುತು ಹಾಕಿ, ಹೆಸರು ಬರೆದು, ‘ಈಸ್ ನಾಟ್ ಸೆಟ್’ ಎಂದು ಸೇರಿಸಲಾಗುತ್ತದೆ. ನೋಡಲು ಅದು ಟಿಪ್ಪಣಿಯಂತಿದ್ದರೂ ನಿಜವಾದ ದಾಖಲೆಯೇ ಆಗಿದೆ.

ಸಾವಿರಾರು ಸಾಲುಗಳ ಇಂತಹ ಕಡತದಲ್ಲಿ ತಂತ್ರಜ್ಞರು ಸಾಮಾನ್ಯವಾಗಿ ಗ್ರೆಪ್ ಎಂಬ ಶೋಧಕ ಆದೇಶದಿಂದ ಹೆಸರನ್ನು ಹುಡುಕುತ್ತಾರೆ. ಇಲ್ಲಿ ಬಗೆಬಗೆಯ ತಪ್ಪುಗಳಿಗೆ ಅವಕಾಶವಿದೆ. ‘ನಾಟ್ ಸೆಟ್’ ಸಾಲಿನಲ್ಲಿಯೂ ಹೆಸರು ಇರುವುದರಿಂದ ಶೋಧವು ಸಫಲವಾಗುತ್ತದೆ. ಸಾಲನ್ನು ಪೂರ್ತಿ ಓದದವರು ಸೌಲಭ್ಯವಿದೆ ಎಂದೇ ಭಾವಿಸುತ್ತಾರೆ. ‘ಯುಎಸ್‌ಬಿ ಸೀರಿಯಲ್’ ಎಂದು ಹುಡುಕಿದರೆ ಅದೇ ಪದಗಳಿಂದ ಆರಂಭವಾಗುವ ಹತ್ತಾರು ಡ್ರೈವರ್‌ಗಳ ಸಾಲುಗಳೂ ಬಂದು ಬೀಳುತ್ತವೆ. ‘ವೈ’ ಇರುವ ಸಾಲುಗಳನ್ನು ಮಾತ್ರ ಹುಡುಕಿದರೆ ‘ಎಂ’ ತಪ್ಪಿಹೋಗುತ್ತದೆ. ಇವೆಲ್ಲಕ್ಕಿಂತ ಕೆಟ್ಟದ್ದೆಂದರೆ, ಕಡತವೇ ಆ ಸ್ಥಳದಲ್ಲಿ ಇಲ್ಲದಿರುವುದನ್ನು ‘ಸೌಲಭ್ಯವಿಲ್ಲ’ ಎಂದು ತಿಳಿಯುವುದು. ಗ್ರೆಪ್ ತನ್ನ ಕೆಲಸ ಮುಗಿಸಿದಾಗ, ಸಿಕ್ಕಿದರೆ 0, ಸಿಗದಿದ್ದರೆ 1, ದೋಷವಿದ್ದರೆ 2 ಎಂಬ ಸಂಖ್ಯೆಯನ್ನು ಹಿಂದಿರುಗಿಸುತ್ತದೆ. ಅವಸರದಲ್ಲಿ ಬರೆದ ಆದೇಶಗಳು 1 ಮತ್ತು 2ರ ನಡುವಣ ವ್ಯತ್ಯಾಸವನ್ನು ಗಮನಿಸುವುದಿಲ್ಲ.

ಈ ಎಚ್ಚರಿಕೆಗಳನ್ನೆಲ್ಲ ಪ್ರತಿ ಬಾರಿ ನೆನಪಿಡುವ ಬದಲು ಒಂದು ಶೆಲ್ ಫಂಕ್ಷನ್ ಆಗಿ ಬರೆದಿಡುವುದು ಲೇಸು. ಶೆಲ್ ಎಂದರೆ ಗಣಕಯಂತ್ರಕ್ಕೆ ಆದೇಶ ನೀಡುವ ಪಠ್ಯರೂಪದ ಮಾಧ್ಯಮ. ಫಂಕ್ಷನ್ ಎಂದರೆ ಹಲವು ಆದೇಶಗಳನ್ನು ಕಟ್ಟಿ ಒಂದು ಹೆಸರು ಕೊಟ್ಟ ಗಂಟು. ಪರಿಶೀಲನೆಯ ಫಂಕ್ಷನ್ ಕೆಲವೇ ಸಾಲುಗಳಷ್ಟಾಗುತ್ತದೆ. ಮೊದಲು ಅದು ಕಡತವನ್ನು ಓದಲು ಸಾಧ್ಯವೇ ಎಂದು ನೋಡಿ, ಸಾಧ್ಯವಿಲ್ಲದಿದ್ದರೆ ಹಾಗೆಂದೇ ಹೇಳಿ ನಿಲ್ಲಬೇಕು. ಬಳಿಕ, ಕೊಟ್ಟ ಹೆಸರಿನಿಂದಲೇ ಆರಂಭವಾಗಿ ಕೂಡಲೇ ಸಮಚಿಹ್ನೆ ಬರುವ ಸಾಲನ್ನು ಹುಡುಕಿ, ಸಿಕ್ಕಿದರೆ ಬೆಲೆಯನ್ನು ಮಾತ್ರ ಮುದ್ರಿಸಬೇಕು. ಸಿಗದಿದ್ದರೆ ‘ನಾಟ್ ಸೆಟ್’ ಸಾಲನ್ನು ಇಡಿಯಾಗಿ ಹೋಲಿಸಿ ‘ಇಲ್ಲ’ ಎನ್ನಬೇಕು. ಅದೂ ಸಿಗದಿದ್ದರೆ ‘ನಮೂದೇ ಇಲ್ಲ’ ಎನ್ನಬೇಕು.

ಕೊನೆಯ ಎರಡು ಉತ್ತರಗಳನ್ನು ಬೇರೆ ಬೇರೆಯಾಗಿ ಇಡುವುದು ಅಗತ್ಯ. ಸಿಎಚ್340 ಚಿಪ್‌ನ ಡ್ರೈವರ್ ಕಡತದಲ್ಲಿ ಸಿಎಚ್341 ಎಂಬ ಹೆಸರಿನಲ್ಲಿದೆ. ಅದಕ್ಕೆ ‘ಇಲ್ಲ’ ಎಂದು ಉತ್ತರ ಬಂದರೆ, ಆ ಒಂದನ್ನು ಸೇರಿಸಿ ಕರ್ನೆಲ್ ಮರುತಯಾರಿಸಿಕೊಡುವಂತೆ ಬೋರ್ಡ್ ಪೂರೈಕೆದಾರರನ್ನು ಕೋರಬಹುದು. ‘ನಮೂದೇ ಇಲ್ಲ’ ಎಂದಾದರೆ, ಯುಎಸ್‌ಬಿ–ಸೀರಿಯಲ್ ಎಂಬ ಮೂಲ ಸೌಲಭ್ಯವನ್ನೇ ಬಿಟ್ಟಿರುವ ಸಂಭವ ಹೆಚ್ಚು; ಆಗ ಅದರ ಅಧೀನದ ಡ್ರೈವರ್‌ಗಳ ಹೆಸರುಗಳೇ ಕಡತದಲ್ಲಿ ಬರುವುದಿಲ್ಲ. ಹೆಸರನ್ನು ತಪ್ಪಾಗಿ ಬರೆದಿದ್ದರೂ ಇದೇ ಉತ್ತರ ಬರುತ್ತದೆ. ಚಿಪ್ 340, ಡ್ರೈವರ್ 341 ಎಂಬ ಒಂದಂಕಿಯ ವ್ಯತ್ಯಾಸವೇ ಇದಕ್ಕೆ ಸಾಕು.

ಕಡತ ದೊರೆಯುವ ಸ್ಥಳಗಳು ಕೆಲವು. ಮೇಜಿನ ಗಣಕಯಂತ್ರಗಳಲ್ಲಿ ಅದು ಸಾಮಾನ್ಯವಾಗಿ ‘ಬೂಟ್’ ಕೋಶದಲ್ಲಿ ಕರ್ನೆಲ್ ಆವೃತ್ತಿಯ ಸಂಖ್ಯೆಯೊಡನೆ ಇರುತ್ತದೆ. ಚಿಕ್ಕ ಉಪಕರಣಗಳಲ್ಲಿ ‘ಪ್ರಾಕ್’ ಕೋಶದಲ್ಲಿ ಸಂಕುಚಿತ ರೂಪದಲ್ಲಿರಬಹುದು. ಅಲ್ಲಿ ಬಿಡಿಸಿ ಓದುವ ಜೆಡ್‌ಕ್ಯಾಟ್ ಆದೇಶವನ್ನು ಫಂಕ್ಷನ್‌ನಲ್ಲಿ ಸೇರಿಸಿಕೊಳ್ಳಬೇಕು. ಇಂತಹ ಉಪಕರಣಗಳಲ್ಲಿ ಬಹುಪಾಲು ಬಿಸಿಬಾಕ್ಸ್‌ನ ಕಿರು ಶೆಲ್ ಇರುವುದರಿಂದ, ಬ್ಯಾಶ್ ಶೆಲ್‌ಗಷ್ಟೇ ತಿಳಿಯುವ ಪ್ರಯೋಗಗಳನ್ನು ಬಿಟ್ಟು ಬರೆಯತಕ್ಕದ್ದು. ‘ಪ್ರಾಕ್’ನಲ್ಲಿ ಕಡತ ಕಾಣಿಸುವುದು ಕೂಡ ಕಂಪೈಲ್ ಸಮಯದ ಒಂದು ಆಯ್ಕೆಯೇ. ಅದನ್ನು ಬಿಟ್ಟಿದ್ದರೆ ಪೂರೈಕೆದಾರರನ್ನೇ ಕೇಳಬೇಕಾಗುತ್ತದೆ.

ಕೇಳುವುದಕ್ಕೆ ಆಧಾರವೂ ಇದೆ. ಕರ್ನೆಲ್ ಗ್ನೂ ಜನರಲ್ ಪಬ್ಲಿಕ್ ಲೈಸೆನ್ಸ್‌ನ 2ನೇ ಆವೃತ್ತಿಗೆ ಒಳಪಟ್ಟಿದೆ. ಕರ್ನೆಲನ್ನು ವಿತರಿಸುವವರು ಅದರ ಮೂಲ ಸಂಕೇತವನ್ನೂ, ಕಂಪೈಲ್ ಮಾಡಲು ಹಾಗೂ ಸ್ಥಾಪಿಸಲು ಬಳಸಿದ ಲಿಪಿಗಳನ್ನೂ ಒದಗಿಸಬೇಕೆಂಬುದು ಅದರ ಷರತ್ತು. ಸಂರಚನಾ ಕಡತವೂ ಇದರಲ್ಲಿ ಸೇರುತ್ತದೆಂದು ಸಾಮಾನ್ಯವಾಗಿ ಗ್ರಹಿಸಲಾಗಿದೆ. ಇದೇ ಹೊಣೆ ಯಂತ್ರವನ್ನು ಮುಂದಕ್ಕೆ ಮಾರುವ ತಯಾರಕರಿಗೂ ಅನ್ವಯಿಸುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. ಖರೀದಿ ಆದೇಶದಲ್ಲೇ ಈ ಕಡತವನ್ನು ಕೇಳಿ ಪಡೆದರೆ ಎರಡೂ ಕಡೆಯ ಅನುಕೂಲ.

ಉತ್ತರ ‘ಎಂ’ ಎಂದು ಬಂದಾಗ ಪರಿಶೀಲನೆ ಮುಗಿದಂತಾಗದು. ಮಾಡ್ಯೂಲ್ ಕಡತವು ಯಂತ್ರದ ಸ್ಮೃತಿಗೆ ನಕಲಾಗಿದೆಯೇ ಎಂದು ‘ಲಿಬ್’ ಕೋಶದಲ್ಲಿ ನೋಡಬೇಕು. ಜಾಗ ಉಳಿಸಲೆಂದು ಅದನ್ನು ಬಿಟ್ಟಿರುವುದುಂಟು. ಹಾಗೆಯೇ, ಪೂರೈಕೆದಾರರು ತಿದ್ದಿದ ಕರ್ನೆಲ್ ಕಳುಹಿಸಿದಾಗ ಹೊಸ ಕಡತದ ಮೇಲೆ ಅದೇ ಫಂಕ್ಷನ್ನನ್ನು ಇನ್ನೊಮ್ಮೆ ನಡೆಸತಕ್ಕದ್ದು. ಮೂಲ ಸೌಲಭ್ಯವನ್ನು ಸೇರಿಸದೆ ಡ್ರೈವರ್ ಸಾಲನ್ನಷ್ಟೇ ಕೈಯಿಂದ ಬರೆದಿದ್ದರೆ, ಕರ್ನೆಲ್ ತಯಾರಿಕೆಯ ವ್ಯವಸ್ಥೆಯು ಆ ಸಾಲನ್ನು ಅಳಿಸಿ ಮುಂದುವರಿದಿರುತ್ತದೆ.