ಲಿವರ್ ಕಿತ್ತರು, ಕಾಸು ಕೇಳಿದರು!

ಟೆಸ್ಲಾ ಎಂಬ ಅಮೆರಿಕದ ವಿದ್ಯುತ್ ಕಾರು ಕೊಂಡವರ ಗೋಳು ಇದು. ಲಕ್ಷಗಟ್ಟಲೆ ಸುರಿದರೂ ಸಣ್ಣಪುಟ್ಟ ಸಾಮಾನಿಗೇ ಕತ್ತರಿ!

2022ರ ಏಪ್ರಿಲ್‌ನಲ್ಲಿ ಕಾರಿನ ಜೊತೆ ಕೊಡುತ್ತಿದ್ದ ಚಾರ್ಜಿಂಗ್ ವೈರು ನಿಂತಿತು. ಬಳಸೋರೇ ಕಡಿಮೆ ಎಂದರು ಯಜಮಾನ ಇಲಾನ್ ಮಸ್ಕ್. ಗಿರಾಕಿಗಳು ಗಲಾಟೆ ಎಬ್ಬಿಸಿದಾಗ ಬೆಲೆಯನ್ನು 200 ಡಾಲರಿಗೆ ಇಳಿಸುವುದಾಗಿ ಸಮಾಧಾನ ಹೇಳಿದರು. ಅದೇ ಅಕ್ಟೋಬರ್‌ನಲ್ಲಿ ಬಂಪರಿನ ಸೆನ್ಸರ್‌ಗಳೂ ಹೋದವು. ಕೆಲವು ತಿಂಗಳು ಹೊಸ ಕಾರಿನವರು ಅಂದಾಜಿನ ಮೇಲೇ ಪಾರ್ಕ್ ಮಾಡಬೇಕಾಯಿತು.

2023ರಲ್ಲಿ ಬಂದ ಹೊಸ 'ಮಾಡೆಲ್ 3'ರಲ್ಲಿ ಇಂಡಿಕೇಟರ್ ಲಿವರೇ ಮಾಯ! ಬದಲಿಗೆ ಸ್ಟೇರಿಂಗ್ ಮೇಲೆ ಗುಂಡಿಗಳು. ಸರ್ಕಲ್ ಸುತ್ತುವಾಗ ಸ್ಟೇರಿಂಗ್ ತಿರುಗಿದರೆ ಗುಂಡಿಯೂ ತಿರುಗುತ್ತೆ. ಆಗ ಎಡ ಯಾವುದು, ಬಲ ಯಾವುದು? ಹಿಂದೆ ಬರೋನ ಗತಿ ಏನು?

ಮಾಲೀಕರ ಗೊಣಗಾಟ ಕೊನೆಗೂ ನಾಟಿತು. 2025ರಲ್ಲಿ ಲಿವರ್ ವಾಪಸು ಬಂತು. ಆದರೆ ಚೀನಾದಲ್ಲಿ ಅದಿಲ್ಲದ ಕಾರು ಕೊಂಡವರು ಹಾಕಿಸಿಕೊಳ್ಳಲು 2,499 ಯುವಾನ್ ತೆರಬೇಕಾಯಿತು. ಕಿತ್ತಿದ್ದು ಕಂಪನಿ, ದಂಡ ಗಿರಾಕಿಗೆ!

2025ರ ಜುಲೈನಲ್ಲಿ ಮುಂಬಯಿಯಲ್ಲೂ ಟೆಸ್ಲಾ ಮಳಿಗೆ ತೆರೆದಿದೆ. ಅಲ್ಲಿಗೆ ಬಂದ 'ಮಾಡೆಲ್ ವೈ'ಗೆ ಲಿವರ್ ಉಂಟು. ಆದರೂ ಕೊಳ್ಳುವವರು ಏನುಂಟು, ಏನಿಲ್ಲ ಎಂದು ಪಟ್ಟಿ ಕೇಳಿ ನೋಡುವುದೇ ಲೇಸು.

ತೂಕದಲ್ಲಿ ಚಿಟಿಕೆಯಷ್ಟು ಕಡಿಮೆಯಾದರೂ ಗಿರಾಕಿ ಮರೆಯೋದಿಲ್ಲ. ಇದು ನಮ್ಮ ಪೇಟೆಯ ಅಂಗಡಿಯವರಿಗೆಲ್ಲ ಗೊತ್ತು. ಟೆಸ್ಲಾಕ್ಕೆ ತಿಳಿಯಲು ಎರಡು ವರ್ಷ ಹಿಡಿಯಿತು.