ಕಿಸೆಯಿಲ್ಲದ ಅಂಗಿ

ವಿಜಯಪುರಕ್ಕೆ ಬಂದವರು ಮೊದಲು ನೋಡುವುದು ಗೋಳಗುಮ್ಮಟವನ್ನು. ಮುಹಮ್ಮದ ಆದಿಲಶಹನ ಸಮಾಧಿಯಾದ ಆ ಗುಮ್ಮಟಕ್ಕೆ ಮೂರೂವರೆ ಶತಮಾನ ಮಿಕ್ಕಿದೆ. ಅದೇ ಊರಿನ ಜ್ಞಾನಯೋಗಾಶ್ರಮದಲ್ಲಿ ಬಾಳಿದ ಸಿದ್ಧೇಶ್ವರ ಸ್ವಾಮಿಗಳಾದರೋ ತಮಗೆ ಒಂದು ಕಲ್ಲೂ ಬೇಡವೆಂದು 2014ರ ಗುರುಪೂರ್ಣಿಮೆಯಂದೇ ಬರೆದಿಟ್ಟಿದ್ದರು. ದೇಹವನ್ನು ಹೂಳದೆ ಅಗ್ನಿಗೆ ಅರ್ಪಿಸಬೇಕು, ಶ್ರಾದ್ಧವಿಧಿ ಕೂಡದು, ಭಸ್ಮ ನದಿಗೋ ಸಾಗರಕ್ಕೋ ಸೇರಲಿ, ಸ್ಮಾರಕ ಕಟ್ಟಬಾರದು. ಹೂಳುವುದೇ ರೂಢಿಯಾದ ಪರಂಪರೆಯಲ್ಲಿ ಇದು ಸಣ್ಣ ಮಾತಲ್ಲ.

ತಿಕೋಟಾ ಸೀಮೆಯ ಬಿಜ್ಜರಗಿ ಅವರ ಹುಟ್ಟೂರು. ಗುರು ಮಲ್ಲಿಕಾರ್ಜುನ ಸ್ವಾಮಿಗಳ ಆಶ್ರಯದಲ್ಲಿ ಬೆಳೆದು, ಕೊಲ್ಹಾಪುರದಲ್ಲಿ ತತ್ತ್ವಶಾಸ್ತ್ರ ಓದಿ, ಅಲ್ಲಮನ ವಚನಗಳಿಗೆ ವ್ಯಾಖ್ಯಾನ ಬರೆದರು. ದೇಶವಿದೇಶಗಳನ್ನು ಕಂಡುಬಂದರೂ ಉಡುಪು ಮಾತ್ರ ಕಿಸೆಯಿಲ್ಲದ ಬಿಳಿಯ ಅಂಗಿ. ಅವರ ಮುಂಜಾನೆಯ ಪ್ರವಚನಕ್ಕೆ ನಗರದ ವಕೀಲರೂ ಬಬಲೇಶ್ವರದ ಒಕ್ಕಲುಮಕ್ಕಳೂ ಒಂದೇ ಜಮಖಾನೆಯ ಮೇಲೆ ಕೂಡುತ್ತಿದ್ದರು. ಅಲ್ಲಿ ಗದರಿಕೆಯಿಲ್ಲ, ನರಕದ ಭಯವಿಲ್ಲ. ಮರ, ಹಕ್ಕಿ, ಬಿಸಿಲು, ಇರುವಷ್ಟು ದಿನ ಹಗುರಾಗಿ ಬದುಕುವ ಬಗೆ, ಇವೇ ಮಾತು. 2018ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ವಿನಯದಿಂದಲೇ ಒಲ್ಲೆನೆಂದರು. ಕಿಸೆಯಿಲ್ಲದವರು ಪದಕವನ್ನು ಎಲ್ಲಿಟ್ಟಾರು!

2023ರ ಜನವರಿ 2, ವೈಕುಂಠ ಏಕಾದಶಿಯಂದು ಅವರು ಕಣ್ಮುಚ್ಚಿದರು. ಮರುದಿನ ಲಕ್ಷಾಂತರ ಜನರು ನೆರೆದಿರಲು, ಬರೆದಿಟ್ಟಂತೆಯೇ ಆಶ್ರಮದ ಅಂಗಳದಲ್ಲಿ ಚಿತೆ ಉರಿಯಿತು. ಭಸ್ಮವು ಕೂಡಲಸಂಗಮದ ಹೊಳೆಗೂ ಗೋಕರ್ಣದ ಕಡಲಿಗೂ ಸೇರಿತು.